‘ತದ್ರೂಪಿ ಅವಳಿ’ ಅಂದರೆ ಸಾಕಾ?

ಗೆಳೆಯರೇ, ಅವಳಿ-ಜವಳಿ ಮಕ್ಕಳ ಬಗ್ಗೆ ಬರೆಯುವಾಗ ಬಳಸುವ ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು: ‘ತದ್ರೂಪಿ ಅವಳಿ’ ಮತ್ತು ‘ಸೋದರ ಅವಳಿ’ (ಎರಡು ಅಂಡಗಳಿಗೆ ಬೇರೆ ಬೇರೆ ವೀರ್ಯಾಣು ಸೇರಿ ಹುಟ್ಟಿದವರು). ಎರಡನೆಯದನ್ನು ಬಿಟ್ಟೇಬಿಡಬೇಕು ಅನ್ನೋದು ನನ್ನ ಗಟ್ಟಿ ಅನಿಸಿಕೆ. ಇಬ್ಬರು ಹೆಣ್ಣುಮಕ್ಕಳನ್ನು ಸೋದರರು ಅನ್ನೋದು ಹೇಗೆ? ಅಷ್ಟಕ್ಕೂ ಎಲ್ಲ ಅವಳಿಗಳೂ ಒಡಹುಟ್ಟಿದವರೇ ಅಲ್ವಾ?

‘ತದ್ರೂಪಿ’ಯ ತೊಂದರೆ ಬೇರೆ. ಅದು ಮುಖದ ಹೋಲಿಕೆಯನ್ನು ಹೇಳುತ್ತದೆ, ಹುಟ್ಟಿದ ಬಗೆಯನ್ನಲ್ಲ. ಅದಕ್ಕೇ ಗಂಡು-ಹೆಣ್ಣು ಜೋಡಿಯನ್ನೂ, ನೋಡೋಕೆ ಒಂದೇ ಥರ ಇದ್ದರೆ, ತದ್ರೂಪಿ ಅಂದುಬಿಡುತ್ತಾರೆ. ಒಂದು ಅಂಡಕ್ಕೆ ಒಂದು ವೀರ್ಯಾಣು ಸೇರಿ, ಆಮೇಲೆ ಅದು ಇಬ್ಭಾಗವಾದರೆ ಮಾತ್ರ ಆ ಹೆಸರು ಸಲ್ಲಬೇಕು. ಅಷ್ಟರಲ್ಲಿ ಗಂಡೋ ಹೆಣ್ಣೋ ಅನ್ನೋದು ತೀರ್ಮಾನ ಆಗಿರುತ್ತದೆ. ತಾಯಿಯಿಂದ ಬರುವುದು ಎಕ್ಸ್ ಕ್ರೋಮೋಸೋಮ್, ತಂದೆಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು, ಯಾಕೆಂದರೆ ವೈ ಮೇಲಿರುವ ಎಸ್‌ಆರ್‌ವೈ ಅನ್ನೋ ಜೀನ್ (1990ರಲ್ಲಿ ಗುರುತಿಸಿದ್ದು) ವೃಷಣ ಬೆಳೆಯೋಕೆ ಚಾಲನೆ ಕೊಡುತ್ತದೆ. ಹಾಗಾಗಿ ಇಬ್ಬರೂ ಗಂಡು, ಇಲ್ಲವೇ ಇಬ್ಬರೂ ಹೆಣ್ಣು. ತೀರಾ ಅಪರೂಪಕ್ಕೆ ಒಂದು ಭ್ರೂಣದ ಕೋಶಗಳು ವೈ ಕಳೆದುಕೊಂಡು, ಒಬ್ಬ ಹುಡುಗನ ಜೊತೆ ಟರ್ನರ್ ಸಿಂಡ್ರೋಮ್ (ಎರಡರ ಬದಲು ಒಂದೇ ಎಕ್ಸ್ ಕ್ರೋಮೋಸೋಮ್ ಇರುವ ಸ್ಥಿತಿ) ಇರುವ ಹುಡುಗಿ ಹುಟ್ಟಿದ್ದೂ ಉಂಟು.

ಹಾಗಾದರೆ ‘ಏಕಾಂಡ ಅವಳಿ’ ಅನ್ನೋಣ ಅಂದರೆ ಅಲ್ಲೂ ಒಂದು ತೊಡಕು. 2019ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ವೈದ್ಯರು ಒಂದು ಜೋಡಿಯ ವರದಿ ಪ್ರಕಟಿಸಿದರು. 6 ವಾರದ ಸ್ಕ್ಯಾನಿಂಗ್‌ನಲ್ಲಿ ಇಬ್ಬರಿಗೂ ಒಂದೇ ಮಾಸು ಕಂಡಿತ್ತು, ಹಾಗಾಗಿ ತದ್ರೂಪಿಗಳೇ ಅಂದುಕೊಂಡರು. 14 ವಾರಕ್ಕೆ ನೋಡಿದರೆ ಒಂದು ಗಂಡು, ಒಂದು ಹೆಣ್ಣು! ಒಂದೇ ಅಂಡಕ್ಕೆ ಎರಡು ವೀರ್ಯಾಣು ಸೇರಿದ್ದವು. ತಾಯಿಯ ಕಡೆಯಿಂದ ಬಂದ ಜೀನ್‌ಗಳು ಇಬ್ಬರಲ್ಲೂ ಒಂದೇ, ತಂದೆಯ ಕಡೆಯವು ಪೂರ್ತಿ ಒಂದೇ ಅಲ್ಲ. ಇವರೂ ಏಕಾಂಡರೇ, ಆದರೆ ತದ್ರೂಪಿಗಳಲ್ಲ.

ಅಂದರೆ ನಾವು ಎಣಿಸಬೇಕಾದ್ದು ಅಂಡವನ್ನಲ್ಲ, ಅಂಡ ಮತ್ತು ವೀರ್ಯಾಣು ಕೂಡಿ ಆದ ಮೊದಲ ಕೋಶವನ್ನು. ಅದಕ್ಕೆ ‘ಯುಗ್ಮಜ’ ಅನ್ನೋ ಪದ ಇದೆ, ಅದರಿಂದ ‘ಏಕಯುಗ್ಮಜ ಅವಳಿ’, ‘ದ್ವಿಯುಗ್ಮಜ ಅವಳಿ’ ಅಂತ ಮಾಡಬಹುದು. ಅರ್ಥ ಸರಿಯಾಗಿದೆ, ಆದರೆ ಹೈಸ್ಕೂಲ್ ಮಕ್ಕಳ ಬಾಯಲ್ಲಿ ಇದು ಸುಲಭವಾಗಿ ಹೊರಳುತ್ತಾ? ‘ಕೂಡುಮೊಟ್ಟೆ’ ಅಂತ ಕಟ್ಟಿ ‘ಒಂದೇ ಕೂಡುಮೊಟ್ಟೆಯ ಅವಳಿ’ ಅಂದರೆ ನಿಮಗೆ ಹೇಗನಿಸುತ್ತದೆ? ಇದಕ್ಕಿಂತ ಚಿಕ್ಕದು, ಚೊಕ್ಕದು ಹೊಳೆದರೆ ದಯವಿಟ್ಟು ಬರೆಯಿರಿ.