ಕಡಿಮೆ ಖರ್ಚಿನಲ್ಲಿ ಮದುವೆಯ ಆಮಂತ್ರಣ ಪತ್ರಿಕೆಯನ್ನು ನಾವೇ ಸಿದ್ಧಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ವಿಜಯನಗರದಿಂದ)

ಎಲ್ಲರಿಗೂ ನಮಸ್ಕಾರ. ಬರುವ ವೈಶಾಖ ಮಾಸದಲ್ಲಿ, ಅಂದರೆ 2026ರ ಏಪ್ರಿಲ್ ಕೊನೆಯ ವಾರದಲ್ಲಿ, ನನ್ನ ಮದುವೆ ನಿಶ್ಚಯವಾಗಿದೆ. ತಂದೆಯವರು ನಿವೃತ್ತರಾಗಿರುವುದರಿಂದ, ಛತ್ರ ಮತ್ತು ಊಟದ ಖರ್ಚನ್ನು ಬಿಟ್ಟು ಉಳಿದೆಲ್ಲವನ್ನೂ ಮಿತಿಯಲ್ಲಿಡಬೇಕೆಂದು ನಾನೂ ನನ್ನ ತಮ್ಮನೂ ತೀರ್ಮಾನಿಸಿದ್ದೇವೆ. ಚಿಕ್ಕಪೇಟೆ ಮತ್ತು ಸುಲ್ತಾನ್‌ಪೇಟೆಯ ಅಂಗಡಿಗಳಲ್ಲಿ ಮಾದರಿಗಳನ್ನು ನೋಡಿ ಬಂದೆವು. ಮನಸ್ಸಿಗೆ ಹಿಡಿಸಿದ ಪತ್ರಿಕೆಗಳ ದರ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಎಟುಕುವಂಥವುಗಳಲ್ಲಿ ಚಿನ್ನದ ಬಣ್ಣದ ಅಲಂಕಾರವೇ ಹೆಚ್ಚಾಗಿ, ಕನ್ನಡದ ಅಕ್ಷರಗಳು ಮೂಲೆಯಲ್ಲಿ ಇಕ್ಕಟ್ಟಾಗಿ ಕುಳಿತಿದ್ದವು. ಆದ್ದರಿಂದ ವಿನ್ಯಾಸವನ್ನು ನಾವೇ ಮಾಡಿ, ಸಾಧ್ಯವಾದರೆ ಮುದ್ರಣವನ್ನೂ ಮನೆಯಲ್ಲಿಯೇ ಮಾಡಬೇಕೆಂಬ ಆಸೆಯಿದೆ. ಆಹ್ವಾನಿಸಬೇಕಾದ ಮನೆಗಳು ಸುಮಾರು 400. ಇದಕ್ಕಾಗಿ ಎತ್ತಿಟ್ಟಿರುವ ಹಣ ಎಂಟು ಸಾವಿರ ರೂಪಾಯಿ. ಮನೆಯಲ್ಲಿ ಇಂಕ್ ಟ್ಯಾಂಕ್ ಪ್ರಿಂಟರ್ ಇದೆ. ಅದರಲ್ಲಿ ದಪ್ಪ ಕಾಗದದ ಮೇಲೆ ಮುದ್ರಿಸಬಹುದೇ, ಕನ್ನಡಕ್ಕೆ ಯಾವ ಫಾಂಟ್ ಬಳಸುವುದು ಸೂಕ್ತ, ಪತ್ರಿಕೆಯಲ್ಲಿ ಏನೇನು ಇರಲೇಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 (ಮುದ್ರಣ ವೃತ್ತಿಯಲ್ಲಿರುವವರು, ಕಾಟನ್‌ಪೇಟೆ)

ನಮಸ್ಕಾರ ಮೇಡಂ, ಶುಭವಾಗಲಿ. ಮೊದಲು ಸಂಖ್ಯೆಯ ವಿಚಾರ ಹೇಳುತ್ತೇನೆ, ಏಕೆಂದರೆ ನಿಮ್ಮ ಹಣ ಉಳಿಯುವುದು ಮುಖ್ಯವಾಗಿ ಅಲ್ಲಿಯೇ. 400 ಮನೆಗಳಿಗೂ ಅಚ್ಚಾದ ಪತ್ರಿಕೆ ಬೇಕೇ ಎಂದು ಮನೆಯವರೆಲ್ಲ ಕುಳಿತು ನೋಡಿ. ಹಿರಿಯರಿರುವ ಮನೆಗಳಿಗೆ, ಹತ್ತಿರದ ಬಂಧುಗಳಿಗೆ, ಖುದ್ದಾಗಿ ಹೋಗಿ ಅಕ್ಷತೆಯೊಂದಿಗೆ ಕರೆಯಬೇಕಾದವರಿಗೆ ಕಾಗದದ ಪತ್ರಿಕೆ ಇರಲಿ. ಸಹೋದ್ಯೋಗಿಗಳಿಗೂ ಸ್ನೇಹಿತರಿಗೂ ಅದೇ ವಿನ್ಯಾಸವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ, ಜೊತೆಗೆ ದೂರವಾಣಿಯಲ್ಲಿ ಒಂದು ಮಾತು ಕರೆದರೆ ಈಗ ಬೆಂಗಳೂರಿನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಸಂಖ್ಯೆ ಗೊತ್ತಾದ ಮೇಲೆಯೇ ಮುದ್ರಣದ ವಿಧಾನವನ್ನು ಆರಿಸಬೇಕು. ಆಫ್‌ಸೆಟ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಪ್ಲೇಟ್ (ಅಚ್ಚಿನ ತಗಡು) ಮಾಡಿಸಬೇಕಾಗುತ್ತದೆ, ಮತ್ತು ಆ ಖರ್ಚು ನೂರು ಪ್ರತಿಗಾದರೂ ಸಾವಿರ ಪ್ರತಿಗಾದರೂ ಒಂದೇ ಆಗಿರುವುದರಿಂದ, ಪ್ರತಿಗಳು ಹೆಚ್ಚಿದಾಗ ಮಾತ್ರ ಅದು ಅಗ್ಗವಾಗಿ ಪರಿಣಮಿಸುತ್ತದೆ. ನೂರು ಇನ್ನೂರು ಪ್ರತಿಗಳಿಗೆ ಡಿಜಿಟಲ್ ಮುದ್ರಣವೇ ಸರಿ, ಅದಕ್ಕೆ ಪ್ಲೇಟ್ ಬೇಕಿಲ್ಲ. ಡಿಜಿಟಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ 12×18 ಇಂಚಿನ ಹಾಳೆ ಬಳಸುತ್ತಾರೆ. ಅದರಲ್ಲಿ ಎ5 ಅಳತೆಯ (148×210 ಮಿಲಿಮೀಟರ್) ನಾಲ್ಕು ಕಾರ್ಡುಗಳು, ಇಲ್ಲವೇ ಎ6 ಅಳತೆಯ ಎಂಟು ಕಾರ್ಡುಗಳು ಕೂಡುತ್ತವೆ. ನೀವು ಹಣ ಕೊಡುವುದು ಹಾಳೆಯ ಲೆಕ್ಕದಲ್ಲಿ. ಆದ್ದರಿಂದ 160 ಕಾರ್ಡು ಬೇಕಾದರೆ ಎ5ರಲ್ಲಿ 40 ಹಾಳೆ, ಎ6ರಲ್ಲಿ 20 ಹಾಳೆ ಸಾಕು. ಚೌಕಾಕಾರದ್ದು, ಹೂವಿನ ಆಕಾರದಲ್ಲಿ ಕತ್ತರಿಸಿದ್ದು ಇವೆಲ್ಲ ಕಾಗದವನ್ನೂ ಕತ್ತರಿಸುವ ಕೂಲಿಯನ್ನೂ ಹೆಚ್ಚಿಸುತ್ತವೆ. ಎ5ಕ್ಕೆ ಸಿ5 ಲಕೋಟೆ, ಎ6ಕ್ಕೆ ಸಿ6 ಲಕೋಟೆ ಸರಿಯಾಗಿ ಹೊಂದುತ್ತದೆ. ಅವು ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುವುದರಿಂದ ಲಕೋಟೆಯನ್ನು ಬೇರೆಯಾಗಿ ಮಾಡಿಸುವ ಖರ್ಚು ಉಳಿಯುತ್ತದೆ.

ಮನೆಯ ಪ್ರಿಂಟರಿನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮಾದರಿ ತೆಗೆದು ನೋಡಲು ಬಳಸಿ, ಎಲ್ಲ ಪ್ರತಿಗಳಿಗೆ ಬೇಡ. ಎಷ್ಟು ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ದಪ್ಪದ ಕಾಗದವನ್ನು ಅದು ಎಳೆದುಕೊಳ್ಳುತ್ತದೆ ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಮನೆಬಳಕೆಯ ಹಲವು ಯಂತ್ರಗಳಿಗೆ 300 ಜಿಎಸ್ಎಂ ಹೆಚ್ಚಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಇಂತಹ ಪ್ರಿಂಟರುಗಳ ಬಣ್ಣದ ಶಾಯಿ ಅನೇಕವೇಳೆ ನೀರಿನಲ್ಲಿ ಕರಗುವಂಥದ್ದು. ಪತ್ರಿಕೆಯ ನಾಲ್ಕು ಮೂಲೆಗಳಿಗೆ ನೀವು ಅರಿಶಿನ ಹಚ್ಚುವಾಗ ಆ ತೇವಕ್ಕೆ ಅಂಚಿನ ವಿನ್ಯಾಸ ಹರಡಿಕೊಳ್ಳುತ್ತದೆ. ಡಿಜಿಟಲ್ ಯಂತ್ರದ ಬಣ್ಣದ ಪುಡಿಯಾದ ಟೋನರ್‌ಗೆ ಈ ಭಯವಿಲ್ಲ. ಆದರೆ ಟೋನರ್ ಇರುವ ಜಾಗದಲ್ಲಿ ದಪ್ಪ ಕಾಗದವನ್ನು ನೇರವಾಗಿ ಮಡಚಿದರೆ ಬಣ್ಣ ಬಿರುಕು ಬಿಡುವುದರಿಂದ, ಮಡಿಸುವ ಪತ್ರಿಕೆಯಾದರೆ ಮೊದಲು ಕ್ರೀಸಿಂಗ್ (ಮಡಿಕೆಯ ಜಾಗದಲ್ಲಿ ಒತ್ತಿ ಗೆರೆ ಮೂಡಿಸುವುದು) ಮಾಡಿಸಲೇಬೇಕು. ಮಡಿಕೆಯೇ ಇಲ್ಲದ, ಎರಡೂ ಬದಿ ಮುದ್ರಿಸಿದ ಒಂದೇ ಕಾರ್ಡು ನಿಮಗೆ ಸಾಕೆಂದು ನನಗನಿಸುತ್ತದೆ. 300 ಜಿಎಸ್ಎಂ ಕಾಗದದ ಎ5 ಕಾರ್ಡು ಸುಮಾರು ಒಂಬತ್ತು ಗ್ರಾಂ ಮಾತ್ರ ತೂಗುತ್ತದೆ. ಊರಿನ ಬಂಧುಗಳಿಗೆ ಅಂಚೆಯಲ್ಲಿ ಕಳುಹಿಸುವುದಿದ್ದರೆ ಅದೂ ಒಂದು ಅನುಕೂಲ.

ಇನ್ನು ಅಕ್ಷರಗಳು. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಇವೆಲ್ಲ ಮುಕ್ತ ಪರವಾನಗಿಯ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಫಾಂಟುಗಳು, ಹಣ ಕೊಡಬೇಕಿಲ್ಲ. ಒಕ್ಕಣೆಗೆ ತಿರೋ, ಹೆಸರುಗಳಿಗೆ ಸ್ವಲ್ಪ ದಪ್ಪನೆಯ ಬಾಲೂ ತಮ್ಮ ಚೆನ್ನಾಗಿ ಕಾಣುತ್ತವೆ. ಉಚಿತವಾದ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ವಿನ್ಯಾಸ ಮಾಡಿದರೆ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಆದರೆ ಪಠ್ಯವನ್ನು ವರ್ಡ್ ಕಡತವಾಗಿ ಪ್ರೆಸ್ಸಿಗೆ ಕೊಡಬೇಡಿ. ಇಂದಿಗೂ ಅನೇಕ ಪ್ರೆಸ್ಸುಗಳಲ್ಲಿ ಪುಟವಿನ್ಯಾಸದ ತಂತ್ರಾಂಶಗಳಾದ ಪೇಜ್‌ಮೇಕರ್, ಹಳೆಯ ಕೋರೆಲ್‌ಡ್ರಾ ಮತ್ತು ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಿವೆ. ಅಲ್ಲಿ ಯೂನಿಕೋಡ್ ಪಠ್ಯವನ್ನು ಅಂಟಿಸಿದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ, ಅರ್ಕಾವತ್ತು ಸ್ಥಾನ ತಪ್ಪುತ್ತದೆ, ಮತ್ತು ಅವರು ಅದನ್ನು ಮತ್ತೆ ಟೈಪ್ ಮಾಡುವಾಗ ಹೊಸ ತಪ್ಪುಗಳು ಸೇರುತ್ತವೆ. ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿದ ಪಿಡಿಎಫ್ ಕೊಟ್ಟರೆ ನೀವು ಕಂಡಂತೆಯೇ ಅಚ್ಚಾಗುತ್ತದೆ. ಒಂದು ಪ್ರತಿಯನ್ನು ಕಾಗದದ ಮೇಲೆ ತೆಗೆಸಿ ನೋಡದೆ ಒಪ್ಪಿಗೆ ಕೊಡಬೇಡಿ.

ಉತ್ತರ 2 (ಮಲ್ಲೇಶ್ವರದಿಂದ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ ತಾಯಿ)

ಮಗಳೇ, ಕಾಗದಕ್ಕಿಂತ ಹೆಚ್ಚಿನ ಗಮನವನ್ನು ಒಕ್ಕಣೆಗೆ ಕೊಡು. ಯಾರದೋ ಹಳೆಯ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ನಕಲು ಮಾಡುವಾಗ ಸಂವತ್ಸರದ ಹೆಸರು ಹಾಗೆಯೇ ಉಳಿದುಬಿಡುವುದುಂಟು. ನೀನು ಯುಗಾದಿಗೆ ಮುಂಚೆಯೇ ಅಚ್ಚು ಹಾಕಿಸಬಹುದು. ಆಗ ನಡೆಯುತ್ತಿರುವುದು ವಿಶ್ವಾವಸು. ಆದರೆ 2026ರ ಮಾರ್ಚ್ 19ರ ಯುಗಾದಿಯಿಂದ ಪರಾಭವ ಸಂವತ್ಸರ, ಶಾಲಿವಾಹನ ಶಕ 1948 ಆರಂಭವಾಗುತ್ತದೆ, ಮತ್ತು ಪತ್ರಿಕೆಯಲ್ಲಿ ಇರಬೇಕಾದದ್ದು ಮದುವೆಯ ದಿನದ ಸಂವತ್ಸರ. ತಿಥಿ, ನಕ್ಷತ್ರ, ಲಗ್ನಗಳನ್ನು ಪುರೋಹಿತರಿಂದ ಬರೆಸಿಕೊಂಡು, ಅಚ್ಚಾಗುವ ಮೊದಲು ಅವರಿಗೇ ಮತ್ತೊಮ್ಮೆ ತೋರಿಸು. ಮುಹೂರ್ತ ಸೂರ್ಯೋದಯಕ್ಕೆ ಮುಂಚೆ ಇದ್ದರೆ ಇನ್ನಷ್ಟು ಎಚ್ಚರಿಕೆ ಬೇಕು. ಪಂಚಾಂಗದಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ, ಕ್ಯಾಲೆಂಡರಿನಲ್ಲಿ ಮಧ್ಯರಾತ್ರಿಗೆ; ಆದ್ದರಿಂದ ತಾರೀಖಿನ ಪಕ್ಕದಲ್ಲಿ "ಬೆಳಗಿನ ಜಾವ" ಎಂದು ಬಿಡಿಸಿ ಬರೆಯದಿದ್ದರೆ ದೂರದಿಂದ ಬರುವವರು ಗೊಂದಲಕ್ಕೆ ಬೀಳುತ್ತಾರೆ.

ಹೆಸರುಗಳ ಪಟ್ಟಿ ಉದ್ದವಾದಷ್ಟೂ ಅಕ್ಷರ ಚಿಕ್ಕದಾಗುತ್ತದೆ. ಕುಲದೇವರ ಸ್ಮರಣೆ, ಎರಡೂ ಕಡೆಯ ಅಜ್ಜ ಅಜ್ಜಿಯರು, ತಂದೆ ತಾಯಿಯರು, ವಧೂವರರು, ಮುಹೂರ್ತ, ಆರತಕ್ಷತೆ, ಛತ್ರದ ವಿಳಾಸ ಇಷ್ಟಿದ್ದರೆ ಪತ್ರಿಕೆ ಪೂರ್ಣವಾಗುತ್ತದೆ. ಸುಖಾಗಮನ ಬಯಸುವವರ ಸಾಲಿನಲ್ಲಿ "ಸಮಸ್ತ ಬಂಧುಮಿತ್ರರು" ಎಂದರೆ, ಒಬ್ಬ ಚಿಕ್ಕಪ್ಪನ ಹೆಸರು ಬಂದು ಮತ್ತೊಬ್ಬರದು ಬಿಟ್ಟುಹೋಯಿತೆಂಬ ಬೇಸರಕ್ಕೆ ಆಸ್ಪದವಿರುವುದಿಲ್ಲ. ಇದನ್ನು ಮುಂಚಿತವಾಗಿಯೇ ಬೀಗರೊಂದಿಗೆ ಮಾತನಾಡಿ ಒಪ್ಪಿಸಿಕೊಳ್ಳಬೇಕು. ಇನ್ನೊಂದು ಮುಖ್ಯ ವಿಷಯ: ಮದುವೆಯನ್ನು ನೋಂದಾಯಿಸುವಾಗ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಆಮಂತ್ರಣ ಪತ್ರಿಕೆಯನ್ನೂ ಕೇಳುತ್ತಾರೆ. ಆದ್ದರಿಂದ ನಿಮ್ಮಿಬ್ಬರ ಹೆಸರುಗಳು ಆಧಾರ್‌ನಲ್ಲಿರುವಂತೆಯೇ, ಮನೆಯಲ್ಲಿ ಕರೆಯುವ ಹೆಸರಲ್ಲದೆ, ಪೂರ್ಣವಾಗಿ ಅಚ್ಚಾಗಲಿ. ಕೆಲವು ಪ್ರತಿಗಳನ್ನು ಜೋಪಾನವಾಗಿ ತೆಗೆದಿಡು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಮ್ಮನೊಂದಿಗೆ ಕುಳಿತು ಪಟ್ಟಿಯನ್ನು ನೋಡಿದಾಗ ಅಚ್ಚಾದ ಪತ್ರಿಕೆ ಸಲ್ಲಬೇಕಾದ ಮನೆಗಳು 160ಕ್ಕೆ ಇಳಿದವು. ಎ5 ಅಳತೆಯ ಒಂದೇ ಕಾರ್ಡು ಎಂದು ನಿರ್ಧರಿಸಿದ್ದೇವೆ. ಸಿದ್ಧ ಚಿತ್ರಗಳ ಬದಲು ಹಸೆ ಚಿತ್ತಾರದ ಅಂಚನ್ನು ತಮ್ಮನೇ ಬಿಡಿಸುತ್ತೇನೆ ಎನ್ನುತ್ತಿದ್ದಾನೆ. ಕೆಂಪು ಹಿನ್ನೆಲೆಯಲ್ಲಿ ಬಿಳಿ ಗೆರೆ ಬರಬೇಕಾದರೆ ಏನು ಮಾಡಬೇಕು?

ಉತ್ತರ 3 (ಸಾಗರದ ಕಡೆಯವರು, ಈಗ ರಾಜಾಜಿನಗರ)

ಬಹಳ ಒಳ್ಳೆಯ ಆಯ್ಕೆ. ನಮ್ಮ ಕಡೆ ದೀವರ ಸಮುದಾಯದವರ ಮನೆಗಳಲ್ಲಿ ಮದುವೆಯ ಸಮಯದಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಬಣ್ಣದಿಂದ ಬರೆಯುವ ಚಿತ್ತಾರವಿದು. ಆದ್ದರಿಂದ ಲಗ್ನದ ಪತ್ರಿಕೆಗೆ ಇದು ಸಹಜವಾಗಿಯೇ ಸಲ್ಲುತ್ತದೆ. ಒಂದೇ ವಿನಂತಿ: ಗೆರೆಗಳನ್ನು ಅಂದಾಜಿನಲ್ಲಿ ಎಳೆಯದೆ, ಹಳೆಯ ಚಿತ್ತಾರಗಳ ಚಿತ್ರಗಳನ್ನು ನೋಡಿ ಅವುಗಳ ಎಳೆಗಳ ಲೆಕ್ಕವನ್ನು ಅರಿತು ಬರೆಯಲಿ. ಬಿಳಿ ಕಾಗದದ ಮೇಲೆ ಕಪ್ಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು, 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್‌ನಲ್ಲಿ ರೇಖಾಚಿತ್ರವಾಗಿ ಮಾರ್ಪಡಿಸಿಕೊಂಡರೆ ಬೇಕಾದ ಅಳತೆಗೆ ಕುಗ್ಗಿಸಬಹುದು.

ಉತ್ತರ 1 ಬರೆದವರಿಂದ ಮತ್ತೆ

ಸಾಮಾನ್ಯ ನಾಲ್ಕು ಬಣ್ಣದ ಮುದ್ರಣದಲ್ಲಿ ಬಿಳಿ ಎಂಬ ಶಾಯಿ ಇಲ್ಲ. ಸುತ್ತಲೂ ಕೆಂಪು ತುಂಬಿ ಗೆರೆಯ ಜಾಗವನ್ನು ಖಾಲಿ ಬಿಡಬೇಕು, ಆಗ ಕಾಗದದ ಬಿಳುಪೇ ಗೆರೆಯಾಗಿ ಕಾಣುತ್ತದೆ. ಹೀಗೆ ಮಾಡುವಾಗ ಗೆರೆ ತೀರಾ ತೆಳುವಾದರೆ ಕೆಂಪು ಒಳಗೆ ಹರಿದು ಮುಚ್ಚಿಹೋಗುತ್ತದೆ. ಅಲ್ಲದೆ ಕೆಂಪು ಬಣ್ಣವು ಕಾರ್ಡಿನ ತುದಿಯವರೆಗೆ ಬರಬೇಕಾದರೆ ಪ್ರತಿ ಬದಿಗೂ ಮೂರು ಮಿಲಿಮೀಟರ್ ಹೆಚ್ಚುವರಿಯಾಗಿ ವಿಸ್ತರಿಸಿ, ಅದನ್ನು ಕತ್ತರಿಸಿ ತೆಗೆಸಬೇಕು. ಅಂಚಿನಿಂದ ಒಳಗೆ ಬಿಳಿ ಜಾಗ ಬಿಟ್ಟು ವಿನ್ಯಾಸ ಮಾಡಿದರೆ ಈ ತೊಂದರೆ ಇರುವುದಿಲ್ಲ, ಮೂಲೆಗಳಲ್ಲಿ ಅರಿಶಿನ ಹಚ್ಚಲೂ ಸ್ಥಳ ಉಳಿಯುತ್ತದೆ.

ನಾನಾದರೆ ಸ್ಕ್ರೀನ್ ಪ್ರಿಂಟಿಂಗ್ (ಜಾಲರಿಯ ಮೂಲಕ ಶಾಯಿಯನ್ನು ಒತ್ತಿ ಮುದ್ರಿಸುವ ವಿಧಾನ) ಆರಿಸುತ್ತೇನೆ. ಇಟ್ಟಿಗೆ ಕೆಂಪಿನ ದಪ್ಪ ಕಾಗದ ಕೊಂಡು ಅದರ ಮೇಲೆ ಬಿಳಿ ಶಾಯಿಯಲ್ಲಿ ಒಂದೇ ಬಣ್ಣ ಹಾಕಿಸಿದರೆ ಒಂದೇ ಸ್ಕ್ರೀನ್ ಸಾಕು. ಶಾಯಿ ದಪ್ಪವಾಗಿ ಕೂರುವುದರಿಂದ ಗೋಡೆಯ ಮೇಲಿನ ಚಿತ್ತಾರದಂತೆಯೇ ಉಬ್ಬಿ ಕಾಣುತ್ತದೆ. ಹಿಂಬದಿಗೆ ಒಕ್ಕಣೆಯ ಮತ್ತೊಂದು ಸ್ಕ್ರೀನ್ ಬೇಕಾಗುತ್ತದೆ, ಅಷ್ಟೇ. ಎರಡೂ ವಿಧಾನಗಳಿಗೆ ದರ ಕೇಳಿ, ಕಾಗದದ ಬೆಲೆ ಸೇರಿದೆಯೇ ಎಂದು ವಿಚಾರಿಸಿ ಹೋಲಿಸಿ ನೋಡಿ. ಪೇಟೆಯೊಳಗೆ ವಾಹನ ನಿಲ್ಲಿಸಲು ಸ್ಥಳ ಸಿಗುವುದು ಕಷ್ಟ, ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣಕ್ಕೆ ಬನ್ನಿ. ಅರಿಶಿನ ಹಚ್ಚಿದ ಪತ್ರಿಕೆಗಳನ್ನು ಪೂರ್ತಿ ಒಣಗಿದ ಮೇಲೆಯೇ ಲಕೋಟೆಗೆ ಸೇರಿಸಿ, ಇಲ್ಲದಿದ್ದರೆ ಒಳಗೆ ಅಂಟಿಕೊಳ್ಳುತ್ತವೆ.