ಪದ ಬೇಕು (ತುರ್ತು): ಕಾಡುಹಣ್ಣಿನ ಬೋರ್ಡಿಗೆ 'ಫೋರೇಜಿಂಗ್'

ಬೆಂಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ಯಲ್ಲಾಪುರದ ಕಡೆಯ ಒಂದು ಹೋಂಸ್ಟೇಗೆ ಬೋರ್ಡು ಬರೆದುಕೊಡಬೇಕು. ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸಿನವರ ಕೈಸೇರಬೇಕು. ಏಪ್ರಿಲ್-ಮೇನಲ್ಲಿ ಬಂದವರನ್ನು ಬೆಟ್ಟಕ್ಕೆ ಕರೆದೊಯ್ದು ಮುರುಗಲು (ಅಂಗಡಿಯ ಕೋಕಂ), ಕವಳಿ, ನೇರಳೆ ತರಿಸಿ, ಅವರ ಕೈಯಲ್ಲೇ ಶರಬತ್ತು ಮಾಡಿಸುತ್ತಾರಂತೆ. ಮಳೆ ಹಿಡಿದ ಮೇಲೆ ಅಣಬೆ. ಇಂಗ್ಲಿಷ್ ಬೋರ್ಡಿನಲ್ಲಿರುವುದು 'ಫೋರೇಜಿಂಗ್'. ನಿಘಂಟು ನೋಡಿದರೆ 'ಮೇವು ಹುಡುಕುವುದು' ಎನ್ನುತ್ತದೆ. ಹಾಗೆ ಬರೆದರೆ ದುಡ್ಡು ಕೊಟ್ಟು ಬಂದವರು ದನಗಳಾಗುತ್ತಾರೆ. 'ಆಹಾರಾನ್ವೇಷಣೆ' ಎಂದರೆ ಪಠ್ಯಪುಸ್ತಕದ ಆದಿಮಾನವ ಎದ್ದು ಬರುತ್ತಾನೆ. ಇನ್ನೊಂದು: ಬಾಟಲಿಯ ಚೀಟಿಗೆ ಸಿರಪ್ಪೋ, ಶರಬತ್ತೋ, ಪಾನಕವೋ?

ಮೈಸೂರಿನಿಂದ:
ಸರ್ಕಾರಿ ಪದ ಇದೆಯಲ್ಲ: 'ಕಿರು ಅರಣ್ಯ ಉತ್ಪನ್ನ ಸಂಗ್ರಹಣೆ'. 2006ರ ಅರಣ್ಯ ಹಕ್ಕು ಕಾಯ್ದೆಯ ಕನ್ನಡದಲ್ಲೂ ಇದೇ ಪರಿಭಾಷೆ. ಇರುವುದನ್ನು ಬಿಟ್ಟು ಹೊಸದು ಯಾಕೆ?

ಶಿರಸಿಯಿಂದ:
ಅದು ಗಾರ್ಡು ಅಡ್ಡ ಹಾಕಿದಾಗ ಆಡುವ ಮಾತು ಸಾರ್, ಊಟಕ್ಕೆ ಕರೆಯುವ ಮಾತಲ್ಲ.

ಮೇಡಂ, ಒಂದೇ ಪದ ಹುಡುಕುತ್ತಿರುವುದೇ ತೊಡಕು. ನಮ್ಮಲ್ಲಿ ಮರದಲ್ಲಿದ್ದರೆ ಕೊಯ್ಯುತ್ತೇವೆ, ಬಿದ್ದಿದ್ದರೆ ಹೆಕ್ಕುತ್ತೇವೆ, ಅಣಬೆಯನ್ನು ಕೀಳುತ್ತೇವೆ. 'ಅಣಬೆ ಕೊಯ್ಯುವುದು' ಎಂದು ಬರೆದರೆ ಊರಿನವರು ನಗುತ್ತಾರೆ. ಅಣಬೆ ಬೋರ್ಡಿನಲ್ಲೇ ಬೇಡ. ಗುರುತು ಗೊತ್ತಿಲ್ಲದವರ ಕೈಗೆ ಬುಟ್ಟಿ ಕೊಡುವ ಕೆಲಸ ಅದಲ್ಲ.

ಚೀಟಿಗೆ ಪಾನಕ ಸಲ್ಲ. ಪಾನಕ ಎಂದರೆ ಬೆಲ್ಲ, ಏಲಕ್ಕಿ, ರಾಮನವಮಿ. ಆಗಲೇ ಕಲಸಿ ಆಗಲೇ ಕುಡಿಯುವುದು. ಮುರುಗಲಿನ ದಾರಿ ಬೇರೆ. ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಜಾಡಿಯಲ್ಲಿ ಬಿಸಿಲಿಗಿಡುತ್ತೇವೆ. ಹನಿ ನೀರು ಹಾಕುವಂತಿಲ್ಲ. ನಾಲ್ಕಾರು ಬಿಸಿಲಿಗೆ ತಾನೇ ರಸ ಬಿಟ್ಟು ಗಟ್ಟಿ ಕೆಂಪಾಗುತ್ತದೆ, ಆಮೇಲೆ ಜೀರಿಗೆ, ಚಿಟಿಕೆ ಉಪ್ಪು. ಮಳೆಗೆ ಮೊದಲೇ ಇಷ್ಟೂ ಮುಗಿಯಬೇಕು, ಮಳೆ ಬಿದ್ದರೆ ಹಣ್ಣು ಕೊಳೆಯಿತೆಂದೇ ಲೆಕ್ಕ. ಬೀಜದಿಂದ ಮುರುಗಲು ತುಪ್ಪ. ಅದರ ದಾಯಾದಿ ಉಪ್ಪಾಗೆ ಮಳೆಗಾಲದ್ದು, ಬಿಸಿಲು ಸಿಗದು, ಬೆಂಕಿಯ ಮೇಲೆಯೇ ಒಣಗಿಸಬೇಕು. ಸಕ್ಕರೆ ಹಾಕಿ ಬಿಸಿಲಿಗಿಟ್ಟ ಮುರುಗಲು ರಸಕ್ಕೆ ನಾವು ಶರಬತ್ತು ಎಂದೇ ಅನ್ನುವುದು.

ಪುತ್ತೂರಿನಿಂದ:
'ಹೆಕ್ಕು' ಸರಿ. ತಮಿಳಿನ ಪೊಱುಕ್ಕು, ಮಲಯಾಳದ ಪೆಱುಕ್ಕುಕ ಇದರ ಒಡಹುಟ್ಟು, ಅನುಮಾನ ಬೇಡ. ಆದರೆ ಕಾರ್ಕಳದ ಕಡೆಯ ಕಲ್ಲಲಾಂಬು ಎಂಬ ಅಣಬೆಯನ್ನು ಕೀಳುವುದೂ ಇಲ್ಲ, ಮಣ್ಣು ಕೆದಕಿ ತೆಗೆಯುವುದು.

ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಮುರುಗಲು ನಮಗೆ ಪುನರ್ಪುಳಿ. ಈ 'ಪುನರ್' ಸಂಸ್ಕೃತದ್ದು, 'ಮತ್ತೆ ಮತ್ತೆ ಹುಳಿ' ಎಂದು ಕೆಲವರು ಬಿಡಿಸುವುದನ್ನು ಕೇಳಿ ಸಾಕಾಗಿದೆ. ಮಲಯಾಳದಲ್ಲಿ ಇದೇ ಹಣ್ಣು ಪುನಂಪುಳಿ. ಪುನಂ ಎಂದರೆ ಗುಡ್ಡ ಸವರಿ ಬೇಸಾಯ ಮಾಡುವ ನೆಲ, ಕನ್ನಡದ ಕುಮರಿ. ಗುಡ್ಡದ ಹುಳಿಗೆ ಯಾರೋ ಜನಿವಾರ ಹಾಕಿದ್ದಾರೆ ಎಂಬುದು ನನ್ನ ವಾದ. ತಂಬುಳಿ ನೋಡಿ, ತಣ್ (ತಂಪು) ಸೇರಿಸಿದ ಪುಳಿ (ಹುಳಿ). ಅಲ್ಲೂ ಪುಳಿಯೇ.

ಮೈಸೂರಿನಿಂದ:
ಕೇಳಿದ್ದು ಬೋರ್ಡು. ವ್ಯುತ್ಪತ್ತಿ ಅಲ್ಲ.

ಶಿವಮೊಗ್ಗದಿಂದ:
ಶರಬತ್ತು ಅರಬ್ಬಿ, ಪಾನಕ ಸಂಸ್ಕೃತ, ಸಿರಪ್ ಇಂಗ್ಲಿಷ್. ಕನ್ನಡದ ಬೋರ್ಡಿನಲ್ಲಿ ಕನ್ನಡಕ್ಕೇ ಜಾಗವಿಲ್ಲ. 'ಬರವಣಿಗೆ'ಯ ಹಾಗೆ 'ಕಾಡುಹೆಕ್ಕಣಿಗೆ' ಎಂದು ಕಟ್ಟಬಹುದು. ಕುಡಿಯುವುದಕ್ಕೆ 'ಹಣ್ಣೀರು'. ಬಳಸುತ್ತ ಹೋದರೆ ರೂಢಿಯಾಗುತ್ತದೆ.

ಧಾರವಾಡದಿಂದ:
ಹಣ್ಣೀರು ಅಂದ್ರ ಕಣ್ಣೀರಿನ ತಮ್ಮ ಅನಸ್ತದ ನೋಡ್ರಿ. ಮತ್ತ ಸಿರಪ್ಪು, ಶರಬತ್ತು ಎರಡೂ ಒಂದ ಅರಬ್ಬಿ ಬೇರಿನವು, 'ಕುಡಿ' ಅನ್ನೂ ಬೇರು. ಒಂದು ಯುರೋಪ್ ಸುತ್ತಿ ಬಂತು, ಒಂದು ಪರ್ಷಿಯನ್ ಬಾಯಾಗ ಹಾದು ಬಂತು. ಅವೆರಡನ್ನೂ ಹೊರಗ ಹಾಕಿದ ಮ್ಯಾಲೆ ಜಾಡಿಯೊಳಗಿನ ಸಕ್ಕರಿಗೆ ಏನ್ ಮಾಡ್ತೀರಿ? ಅದೂ ಶರ್ಕರಾದ ಮಗಳ ಹೌದಲ್ಲೋ?

ಶಿವಮೊಗ್ಗದಿಂದ:
ಸಕ್ಕರೆ ನಮ್ಮ ನಾಲಿಗೆಗೆ ಒಗ್ಗಿದ ತದ್ಭವ. ಶರಬತ್ತಿಗೆ ಆ ಮರ್ಯಾದೆ ಕೊಡಲಾಗದು. ಅಷ್ಟು ತಕರಾರಿದ್ದರೆ ಬೆಲ್ಲ ಹಾಕಲಿ.

ಶಿರಸಿಯಿಂದ:
ಬೆಲ್ಲ ಹಾಕಿದರೆ ಬಣ್ಣ ಕೆಡುತ್ತದೆ. ಪದ ಕಟ್ಟುವವರು ಒಮ್ಮೆ ಜಾಡಿಯನ್ನೂ ನೋಡಬೇಕು. 'ಶರಬತ್ತು' ತ್ತ ಒತ್ತು ಹಾಕಿಕೊಂಡು, ಉಕಾರಾಂತವಾಗಿ ನಿಂತು, 'ಶರಬತ್ತಿಗೆ' ಎಂದು ವಿಭಕ್ತಿ ಹಚ್ಚಿಸಿಕೊಂಡಿದೆ. ಒಗ್ಗುವುದು ಎಂದರೆ ಇನ್ನೇನು?

ಬೆಂಗಳೂರಿನಿಂದ:
ಎಲ್ಲರಿಗೂ ವಂದನೆ. ಅಣಬೆ ಕೈಬಿಟ್ಟಿದ್ದೇನೆ. 'ಬೆಟ್ಟದಲ್ಲಿ ಹಣ್ಣು ಕೊಯ್ಯೋಣ, ಮನೆಯಲ್ಲಿ ಶರಬತ್ತು ಮಾಡೋಣ' ಎಂದು ಕಳಿಸಿದೆ, ಅವರಿಗೂ ಒಪ್ಪಿಗೆಯಾಯಿತು. ಕೆಳಗಿನ ಸಾಲಿನಲ್ಲಿ ಮಾತ್ರ 'ಮುರುಗಲು' ಬೇಡ, 'ಕೋಕಂ' ಹಾಕಿ, ಬೆಂಗಳೂರಿನವರಿಗೆ ಅದೇ ಗೊತ್ತಿರುವುದು ಎನ್ನುತ್ತಿದ್ದಾರೆ. ಏನು ಮಾಡಲಿ?

ಪುತ್ತೂರಿನಿಂದ:
ಪುನರ್ಪುಳಿ ಹಾಕಿ.

ಶಿರಸಿಯಿಂದ:
ಯಲ್ಲಾಪುರದ ಬೆಟ್ಟದಲ್ಲಿ ಪುನರ್ಪುಳಿಯೇ? ಮುರುಗಲು ಎಂದೇ ಇರಲಿ, ಪಕ್ಕದಲ್ಲಿ ಹಣ್ಣಿನ ಚಿತ್ರ ಹಾಕಿಸಿ. ಕೋಕಂ ಬೇಕೆನ್ನುವವರು ಅಂಗಡಿಯಲ್ಲಿ ಕೊಳ್ಳಲಿ.

ಮೈಸೂರಿನಿಂದ:
ಚಿತ್ರಕ್ಕೆ ನನ್ನದೂ ಸಹಮತ. 'ಸಂಗ್ರಹಣೆ' ಬಗ್ಗೆ ಬೇರೆ ಎಳೆಯಲ್ಲಿ ಬರೆಯುತ್ತೇನೆ.