ಗೌಡರ ಕಾರಿಗೆ ರೆಕ್ಕೆ

ಕಾಫಿಗೆ ಒಳ್ಳೆ ರೇಟು ಸಿಕ್ಕಿದ ವರ್ಷ ನಮ್ಮ ಕಡೆಯ ಪ್ಲಾಂಟರುಗಳು ಜೀಪು ಬದಲಾಯಿಸುತ್ತಾರೆ, ಇಲ್ಲವೇ ಮಗಳ ಮದುವೆ ಮಾಡುತ್ತಾರೆ. ನಮ್ಮ ಗೌಡರು ಆಡಿ ಟಿಟಿ ಅನ್ನುವ ಸ್ಪೋರ್ಟ್ಸ್ ಕಾರು ತಂದರು. ಬೆಂಗಳೂರಿನಿಂದ, ಸೆಕೆಂಡ್ ಹ್ಯಾಂಡ್. ಹಿಂದೆ ಸೀಟು ಅಂತ ಎರಡಿವೆ, ಅದರಲ್ಲಿ ಯಾರಾದರೂ ಕೂತಿದ್ದನ್ನು ನಾನಿನ್ನೂ ನೋಡಿಲ್ಲ. ಕಾರಿನ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ತೋಟದ ಮಣ್ಣುರಸ್ತೆಗೆ ಇಳಿಯುವ ಮಾತೇ ಇಲ್ಲ. ಹಾಗಾಗಿ ಅದರ ವಾಸ ಚಿಕ್ಕಮಗಳೂರು ಟೌನಿನಲ್ಲಿ, ಭಾಯ್ ಅವರ ಟಿಂಕರಿಂಗ್ ಶೆಡ್‌ನಲ್ಲಿ. ಗೌಡರು ತೋಟದಿಂದ ಜೀಪಿನಲ್ಲಿ ಬರುತ್ತಾರೆ, ಜೀಪು ಹೊರಗೆ ನಿಲ್ಲಿಸುತ್ತಾರೆ, ಕಾರು ಹತ್ತಿ ಎಂ.ಜಿ. ರೋಡಿನಲ್ಲಿ ಒಂದು ಸುತ್ತು ಹಾಕುತ್ತಾರೆ, ಮತ್ತೆ ಜೀಪು ಹತ್ತಿ ವಾಪಸ್. ಹಂಪ್ ಬಂದರೆ ಕಾರನ್ನು ಅಡ್ಡಕ್ಕೆ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಾರೆ. ಹಿಂದಿನ ಆಟೋದವನು ಹಾರನ್ ಹೊಡೆಯುವುದನ್ನು ಗೌಡರು ಜನಪ್ರಿಯತೆ ಅಂತ ತಿಳಿದುಕೊಂಡಿದ್ದಾರೆ.

ಆಷಾಢದ ಮಳೆ ಹಿಡಿದುಕೊಂಡಿತ್ತು. ಭಾನುವಾರ. ಶೆಡ್ಡಿನಲ್ಲಿ ಭಾಯ್, ರಿಟೈರ್ ಆದ ಫಿಸಿಕ್ಸ್ ಮೇಷ್ಟ್ರು, ಲಾಯರ್ರು, ನಾನು. ಗೌಡರು ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಕಂಕುಳಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಒಳಗೆ ಬಂದರು.

“ಸ್ಪಾಯ್ಲರ್ ಕಣ್ರೋ. ಕಾರಿನ ಹಿಂದೆ ಹಾಕೋ ರೆಕ್ಕೆ. ಕಾರ್ಬನ್ ಫೈಬರ್!”

“ಎಷ್ಟು ಕೊಟ್ರಿ?” ಮೇಷ್ಟ್ರು ಯಾವ ವಸ್ತು ಕಂಡರೂ ಮೊದಲು ಕೇಳುವುದು ಇದನ್ನೇ.

“3,800. ಡೆಲಿವರಿ ಫ್ರೀ.”

ಭಾಯ್ ಬೀಡಿ ಆರಿಸಿ ಎದ್ದು ಬಂದರು. ಪೆಟ್ಟಿಗೆಯಿಂದ ರೆಕ್ಕೆ ತೆಗೆದರು. ಬೆಳಕಿಗೆ ಹಿಡಿದು ಅತ್ತ ಇತ್ತ ತಿರುಗಿಸಿದರು. ಆಮೇಲೆ ಹೆಬ್ಬೆರಳಿನ ಉಗುರಿನಲ್ಲಿ ಮೂಲೆ ಕೆರೆದರು. ಕಪ್ಪು ಚೌಕಳಿಯ ತೆಳು ಹಾಳೆ ಸುರುಳಿ ಸುತ್ತಿಕೊಂಡು ಎದ್ದು ಬಂತು. ಅಡಿಯಲ್ಲಿ ಬಕೆಟ್ಟಿನ ಬಣ್ಣದ ಪ್ಲಾಸ್ಟಿಕ್.

“ಗೌಡ್ರೇ, ಇದು ಕಾರ್ಬನ್ ಅಲ್ಲ. ಕಾರ್ಬನ್ನಿನ ಫೋಟೋ.”

“ಅದೆಂಥದ್ದಾದ್ರೂ ಇರ್ಲಿ ಮಾರಾಯ್ರೇ. ಪೆಟ್ಟಿಗೆ ಮೇಲೆ ಎಬಿಎಸ್ ಅಂತ ಬರ್ದಿದೆ ನೋಡಿ. ಬ್ರೇಕಿಗೂ ಒಳ್ಳೇದು.”

“ಎಬಿಎಸ್ ಅಂದ್ರೆ ಆ ಪ್ಲಾಸ್ಟಿಕ್ಕಿನ ಹೆಸರು ಸಾರ್. ಚಕ್ರ ಲಾಕ್ ಆಗದ ಹಾಗೆ ತಡೆಯೋ ಬ್ರೇಕಿನ ಎಬಿಎಸ್‌ಗೂ ಇದಕ್ಕೂ ಸಂಬಂಧ ಇಲ್ಲ.”

ಗೌಡರು ಸ್ವಲ್ಪ ಇಳಿದರು. ಆದರೂ ಪೆಟ್ಟಿಗೆಯ ಇನ್ನೊಂದು ಮಗ್ಗುಲು ತೋರಿಸಿದರು. ‘ಯೂನಿವರ್ಸಲ್’ ಅಂತ ಇತ್ತು. ಎಲ್ಲ ಕಾರಿಗೂ ಆಗುತ್ತೆ ಅಂದರೆ ಯಾವ ಕಾರಿಗೂ ಸರಿಯಾಗಿ ಕೂರಲ್ಲ ಅಂತ ಅರ್ಥ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಷ್ಟರಲ್ಲಿ ಲಾಯರ್ರು ಶುರು ಮಾಡಿದ್ದರು.

“ಮೋಟಾರು ವಾಹನ ಕಾಯ್ದೆ, ಸೆಕ್ಷನ್ 52. ಕಂಪನಿ ಮಾಡಿದ ಮೂಲ ರೂಪಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಾಳೆ ಯಾರಾದ್ರೂ ಹಿಡಿದ್ರೆ ನನ್ನ ಹತ್ರ ಬರ್ಬೇಡಿ.”

“ಬಂದ್ರೆ ಫೀಸು ತಗೊಳ್ಳಲ್ವಾ?”

“ತಗೊಳ್ತೀನಿ. ಆದ್ರೆ ಬರ್ಬೇಡಿ.”

ಗೌಡರ ವಾದ ಬೇರೆ ಇತ್ತು. ನಮ್ಮೂರಿನ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೆದಾಗ ಅವರು ಬೇಲಿ ಪಕ್ಕ ನಿಂತು ನೋಡಿದ್ದರು. ಗೌರವ್ ಗಿಲ್ ಸ್ಕೋಡಾ ಫೇಬಿಯಾದಲ್ಲಿ ಧೂಳೆಬ್ಬಿಸಿಕೊಂಡು ಹೋದದ್ದನ್ನು ಈಗಲೂ ಕೈ ಬೀಸಿ ತೋರಿಸುತ್ತಾರೆ. “ಅದ್ರ ಹಿಂದೆ ರೆಕ್ಕೆ ಇತ್ತೋ ಇಲ್ವೋ? ಅಷ್ಟು ದೊಡ್ಡ ಡ್ರೈವರ್‌ಗೆ ಬೇಕಾದ್ದು ನಂಗೆ ಬೇಡ್ವಾ?”

ಮೇಷ್ಟ್ರಿಗೆ ಇಷ್ಟು ಸಾಕಾಯಿತು. ಅವರು ರಿಟೈರ್ ಆಗಿದ್ದಾರೆ ಅನ್ನುವುದು ಶಿಕ್ಷಣ ಇಲಾಖೆಗೆ ಮಾತ್ರ ಗೊತ್ತು. ಬಾನೆಟ್ ಮೇಲೆ ಕೂತಿದ್ದ ಮಂಜಿನಲ್ಲಿ ಬೆರಳಿಟ್ಟು ಕಾರಿನ ಚಿತ್ರ ಬರೆದೇಬಿಟ್ಟರು.

“ನೋಡಿ ಗೌಡ್ರೇ. ಗಾಳಿ ಕಾರಿನ ಬೆನ್ನ ಮೇಲೆ ಹತ್ತಿ ಹಿಂದೆ ಇಳಿಯುತ್ತೆ. ಇಳಿಯೋವಾಗ ಜೋರಾಗಿ ಹರಿಯುತ್ತೆ, ಅಲ್ಲಿ ಒತ್ತಡ ಕಡಿಮೆಯಾಗುತ್ತೆ, ಕಾರಿನ ಹಿಂಭಾಗ ಮೇಲೆ ಏಳೋಕೆ ನೋಡುತ್ತೆ. ಅಂಚಿನಲ್ಲಿ ಒಂದು ಸಣ್ಣ ತಡೆ ಇಟ್ರೆ ಆ ಹರಿವು ಕೆಡುತ್ತೆ, ಏಳೋದು ಕಮ್ಮಿಯಾಗುತ್ತೆ. ಅದು ಸ್ಪಾಯ್ಲರ್. ಕಂಬದ ಮೇಲೆ ಎತ್ತಿ ನಿಲ್ಲಿಸಿದ ರೆಕ್ಕೆ ಬೇರೆ. ಅದು ವಿಮಾನದ ರೆಕ್ಕೆ ಮಗುಚಿಟ್ಟ ಹಾಗೆ. ಗಾಳಿನ ಮೇಲಕ್ಕೆ ತಳ್ಳಿ ಕಾರನ್ನ ನೆಲಕ್ಕೆ ಒತ್ತುತ್ತೆ.”

“ಅದೇ ನಂಗೂ ಬೇಕಾಗಿರೋದು. ಒತ್ತೋದು.”

“ಒತ್ತೋ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ನಲವತ್ತರಲ್ಲಿ ಒಂದು ಕೆಜಿ ಒತ್ತಿದ್ರೆ, ನೂರಿಪ್ಪತ್ತರಲ್ಲಿ ಒಂಬತ್ತು ಕೆಜಿ. ನೀವು ಈ ಕಾರನ್ನ ಎಷ್ಟರಲ್ಲಿ ಓಡಿಸ್ತೀರಿ?”

ಗೌಡರು ಯೋಚಿಸಿದರು. “ಕೈಮರದ ಹತ್ರ ಒಂದ್ಸಲ ನಲವತ್ತು ದಾಟಿದ್ದೆ.”

“ಅಲ್ಲಿಗೆ ಒಂದು ಕೆಜಿ ಆಯ್ತು. ಡಿಕ್ಕಿಯಲ್ಲಿ ಒಂದು ಕೆಜಿ ಸಕ್ಕರೆ ಇಟ್ಕೊಳ್ಳಿ, 3,800 ಉಳಿಯುತ್ತೆ.”

ಗೌಡರು ಬೆಂಗಳೂರಿಂದ ಕಾರು ತರುವಾಗ ಹಾಸನದ ಫೋರ್‌ಲೇನಿನಲ್ಲೂ ನೂರು ದಾಟಿಸಿರಲಿಲ್ಲ. ಕ್ಯಾಮೆರಾ ಭಯ. ಮುಳ್ಳಯ್ಯನಗಿರಿ ದಾರಿಯಲ್ಲಂತೂ ರಜಾ ದಿನಗಳಲ್ಲಿ ನಡೆದುಕೊಂಡು ಹೋಗುವವರೇ ಕಾರುಗಳನ್ನು ಹಿಂದೆ ಹಾಕುತ್ತಾರೆ. ಆದರೆ ಮೇಷ್ಟ್ರು ಒಂದು ವಿಷಯ ಬಿಟ್ಟರು ಅಂತ ನನ್ನ ಅಭಿಪ್ರಾಯ. ರೆಕ್ಕೆ ಹಾಕುವುದು ಗಾಳಿಗಲ್ಲ, ನೋಡುವವರಿಗೆ. ಲಾರಿಯ ಹಿಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದವನನ್ನು ಅದರಿಂದ ಎಷ್ಟು ಕೆಜಿ ಒತ್ತಡ ಬಂತು ಅಂತ ಯಾರೂ ಕೇಳಲ್ಲ. 1972ರಲ್ಲಿ ಪೋರ್ಶೆಯವರು 911 ಕರೇರಾ ಆರ್‌ಎಸ್‌ಗೆ ಬಾತುಕೋಳಿ ಬಾಲದಂಥ ಸ್ಪಾಯ್ಲರ್ ಕೊಟ್ಟದ್ದು ಗಾಳಿಯ ಲೆಕ್ಕ ಹಾಕಿಯೇ. ಆದರೆ ಜನ ಇವತ್ತಿಗೂ ಆ ಕಾರಿಗೆ ಬಾಯಿ ಬಿಡುವುದು ಬಾಲ ಚೆನ್ನಾಗಿದೆ ಅಂತ.

“ಸರಿ, ತೂತು ಹೊಡೆಯೋದಾ ಅಂಟಿಸೋದಾ?” ಭಾಯ್ ಕೇಳಿದರು.

ಗೌಡರು ತೂತು ಅಂದರು. ಗಟ್ಟಿ ಇರಲಿ ಅಂತ. ಭಾಯ್ ಮುಖ ಕೆಟ್ಟಿತು. ಡ್ರಿಲ್ ಹಾಕಿದರೆ ಪೇಂಟ್ ಹೋಗುತ್ತೆ, ಬರೀ ಲೋಹ ಹೊರಗೆ ಬರುತ್ತೆ, ಅಂಚಿಗೆ ಪ್ರೈಮರ್ ಹಚ್ಚಿ ಸಿಲಿಕಾನ್ ತುಂಬಿ ರಬ್ಬರ್ ವಾಷರ್ ಹಾಕದಿದ್ದರೆ ನಮ್ಮ ಮಳೆಗೆ ನೀರು ನೇರ ಡಿಕ್ಕಿಯ ಒಳಗೆ. ಹಿಂದೆ ಒಬ್ಬರು ಭಾರದ ಕಬ್ಬಿಣದ ರೆಕ್ಕೆ ಬೋಲ್ಟ್ ಹಾಕಿಸಿಕೊಂಡಿದ್ದರಂತೆ. ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಕಡ್ಡಿಗಳಿಗೆ ಆ ಭಾರ ತಡೆಯಲಿಲ್ಲ. ಬಗ್ಗಿ ತರಕಾರಿ ಚೀಲ ಎತ್ತುವಾಗ ಬಾಗಿಲು ಮೆಲ್ಲಗೆ ಬಂದು ನೆತ್ತಿ ಮೇಲೆ ಕೂತಿತಂತೆ. ನನ್ನನ್ನು ಕೇಳಿದರೂ ಅಂಟಿಸುವುದೇ ವಾಸಿ. ಬೇಡವಾದ ದಿನ ಬಿಸಿಗಾಳಿ ಕೊಟ್ಟು, ಮೀನು ಹಿಡಿಯುವ ನೈಲಾನ್ ದಾರವನ್ನು ಗರಗಸದ ಹಾಗೆ ಎಳೆದರೆ ಬಿಡಿಸಿಕೊಂಡು ಬರುತ್ತೆ. ತೂತು ಬಿಡಿಸಿಕೊಂಡು ಬರಲ್ಲ.

ಅಂಟಿಸುವುದೂ ಹುಡುಗಾಟ ಅಲ್ಲ. ಪೆಟ್ಟಿಗೆಯಲ್ಲಿ ಬಂದ ಬಿಳಿ ಸ್ಪಂಜಿನ ಟೇಪನ್ನು ಭಾಯ್ ಮುಟ್ಟಿ ನೋಡಿ ನೇರ ಕಸಕ್ಕೆ ಎಸೆದರು. ತಮ್ಮ ಹತ್ತಿರವಿದ್ದ ಕೆಂಪು ಹಾಳೆಯ 3ಎಂ ವಿಎಚ್‌ಬಿ ಟೇಪ್ ತೆಗೆದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಮೊಬೈಲಿನಲ್ಲಿ ವಿವರ ಓದಿದರು. 21ರಿಂದ 38 ಡಿಗ್ರಿ ಬಿಸಿ ಇರುವಾಗ ಅಂಟಿಸಬೇಕು. ಒಂದು ದಿನಕ್ಕೆ ನೂರಕ್ಕೆ ತೊಂಬತ್ತರಷ್ಟು ಹಿಡಿತ ಬರುತ್ತೆ, ಪೂರ್ತಿ ಹಿಡಿತಕ್ಕೆ 72 ಗಂಟೆ. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು. ಎಣ್ಣೆ, ಪಾಲಿಶ್ ಏನೂ ಉಳಿಯಬಾರದು.

“ಆಷಾಢದಲ್ಲಿ ಇಪ್ಪತ್ತೊಂದು ಡಿಗ್ರಿ ಎಲ್ಲಿಂದ ತರೋಣ ಸಾರ್?” ಭಾಯ್ ಬಾಗಿಲಾಚೆ ನೋಡಿದರು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು.

ಮನೆಯೊಳಗಿಂದ ಹೇರ್ ಡ್ರೈಯರ್ ಬಂತು. ಅದರ ಜೊತೆಗೆ “ತಲೆ ಒಣಗಿಸೋಕೆ ಕೇಳಿದ್ರೆ ಕರೆಂಟ್ ಬಿಲ್ಲು ಅಂತೀರಿ” ಅನ್ನುವ ಮಾತೂ ಬಂತು. ಭಾಯ್ ಕೇಳಿಸಿಕೊಳ್ಳಲಿಲ್ಲ.

ಟೇಪ್ ಒಮ್ಮೆ ಕೂತರೆ ಕೂತಿತು, ಜರುಗಿಸೋಕೆ ಆಗಲ್ಲ. ಅದಕ್ಕೆ ಮೊದಲು ಮಾಸ್ಕಿಂಗ್ ಟೇಪಿನಲ್ಲಿ ರೆಕ್ಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡಬೇಕು. ನಿಲ್ಲಿಸಿದೆವು. ಎಡಗಡೆ ಸರಿಯಾಗಿ ಕೂತರೆ ಬಲಗಡೆ ಬೆರಳು ತೂರುವಷ್ಟು ಸಂದು. ಬಲಗಡೆ ಒತ್ತಿದರೆ ನಡುವೆ ಗೂನು. ಲಾಯರ್ರು ದೂರ ನಿಂತು “ಎಡಕ್ಕೆ, ಎಡಕ್ಕೆ” ಅಂದರು. ಮೇಷ್ಟ್ರು “ಅದು ನಿಮ್ಮ ಎಡ” ಅಂದರು. ಗೌಡರಂತೂ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರು. ಕೊನೆಗೆ ನಮ್ಮ ಎಡ ಬಲ ಕೇಳಿ ಬೇಸರವಾಗಿ ಲಾಯರ್ರು ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಕಾರು ಕಂಡರೆ ಅವರಿಗೆ ಗುಂಡಿಗಳನ್ನು ಒತ್ತುವ ಚಟ. ಎಸಿ ಒತ್ತಿದರು. ಹಾಡು ಹಾಕಿದರು. ಇನ್ನೊಂದೇನೋ ಒತ್ತಿದರು.

ಝುಂಯ್ ಅಂತ ಸದ್ದು. ಡಿಕ್ಕಿಯ ಅಂಚಿನ ಒಂದು ಭಾಗ ತಾನಾಗಿಯೇ ಮೇಲೆದ್ದಿತು. ಮಾಸ್ಕಿಂಗ್ ಟೇಪ್ ಪಟಪಟ ಕಿತ್ತಿತು. 3,800 ರೂಪಾಯಿಯ ರೆಕ್ಕೆ ಜಾರಿ ಭಾಯ್ ಪಾದದ ಮೇಲೆ ಬಿತ್ತು.

“ಅಯ್ಯೋ, ಮುರ್ದೇ ಹೋಯ್ತಲ್ರೀ!” ಗೌಡರು ಎದೆ ಹಿಡಿದುಕೊಂಡರು.

ಮುರಿದಿರಲಿಲ್ಲ. ಕಾರಿನದ್ದೇ ಸ್ಪಾಯ್ಲರ್ ಅದು. ಡಿಕ್ಕಿಯೊಳಗೆ ಮಡಚಿಕೊಂಡು ಮಲಗಿರುತ್ತೆ. ವೇಗ ನೂರಿಪ್ಪತ್ತರ ಸುಮಾರಿಗೆ ಬಂದಾಗ ತಾನೇ ಎದ್ದು ನಿಲ್ಲುತ್ತೆ, ಇಲ್ಲದಿದ್ದರೆ ಗುಂಡಿ ಒತ್ತಿ ಎಬ್ಬಿಸಬೇಕು. ನಮ್ಮ ಗೌಡರ ಕೈಯಲ್ಲಿ ಅದಕ್ಕೆ ಏಳುವ ಸಂದರ್ಭವೇ ಬಂದಿರಲಿಲ್ಲ.

ಮೇಷ್ಟ್ರಿಗೆ ಆಗ ನೆನಪಾಯಿತು. 1998ರಲ್ಲಿ ಮೊದಲ ಟಿಟಿ ಬಂದಾಗ ಅದರ ಹಿಂಭಾಗ ನುಣ್ಣಗೆ, ದುಂಡಗೆ, ಏನೂ ಇಲ್ಲದೆ ಇತ್ತಂತೆ. ನೋಡಲು ಚಂದ. ಆದರೆ ಜರ್ಮನಿಯ ಹೆದ್ದಾರಿಗಳಲ್ಲಿ ಭಾರೀ ವೇಗದಲ್ಲಿ ಹಿಂಭಾಗ ಹಗುರವಾಗಿ ಕಾರುಗಳು ಹಿಡಿತ ತಪ್ಪಿದವು. ಅಪಘಾತಗಳಾದವು, ಜೀವಗಳೂ ಹೋದವು. ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಡಿಕ್ಕಿಗೆ ಸ್ಪಾಯ್ಲರ್ ಕೂರಿಸಿಕೊಟ್ಟಿತು. “ಅಲ್ರೀ, ಸ್ಪಾಯ್ಲರ್ ನಿಜವಾಗಿ ಬೇಕಾದ ಕಾರು ಅಂತ ಇದ್ರೆ ಇದೇ. ಮೊದಲೇ ಹೇಳ್ಬಾರ್ದಿತ್ತಾ ಟಿಟಿ ಅಂತ?”

“ಹಿಂದೆ ಬರ್ದಿದೆಯಲ್ಲ ಮೇಷ್ಟ್ರೇ, ದೊಡ್ಡದಾಗಿ.”

“ನಾನು ಗಾಳಿ ನೋಡ್ತಿದ್ದೆ.”

ಗೌಡರು ಗುಂಡಿ ಒತ್ತಿ ಇಳಿಸಿದರು. ಒತ್ತಿ ಏರಿಸಿದರು. ಮತ್ತೆ ಇಳಿಸಿದರು. ಮುಖದಲ್ಲಿ ಅಂಥ ಸಂತೋಷ ಕಾಫಿ ರೇಟು ಏರಿದಾಗಲೂ ನೋಡಿರಲಿಲ್ಲ. “ಹಾಗಾದ್ರೆ ಇದನ್ನ ಎಬ್ಬಿಸ್ಕೊಂಡೇ ಎಂ.ಜಿ. ರೋಡಲ್ಲಿ ಹೋಗಬಹುದಾ?”

“ಹೋಗಿ. ಇಪ್ಪತ್ತರಲ್ಲಿ ಎಷ್ಟು ಒತ್ತುತ್ತೆ ಅಂತ ಕೇಳ್ಬೇಡಿ,” ಅಂದರು ಮೇಷ್ಟ್ರು.

ಪ್ಲಾಸ್ಟಿಕ್ ರೆಕ್ಕೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ವಾಪಸ್ ಕಳಿಸೋಣವೆಂದರೆ ಭಾಯ್ ಮೂಲೆ ಕೆರೆದಾಗಿದೆ. ಗೌಡರು ಯಾರಿಗಾದರೂ ಕೊಟ್ಟುಬಿಡಿ ಅಂದರು. ಎಲ್ಲರೂ ಹೊರಡಲು ಎದ್ದೆವು. ಲಾಯರ್ರು ಮಾತ್ರ ಏಳಲಿಲ್ಲ. ಕೊಡೆಯ ಹಿಡಿಯಲ್ಲಿ ರೆಕ್ಕೆಯನ್ನು ಈ ತುದಿಯಿಂದ ಆ ತುದಿಗೆ ಅಳೆಯುತ್ತಿದ್ದರು.

“ಭಾಯ್, ಆಲ್ಟೋ ಡಿಕ್ಕಿ ಎಷ್ಟು ಅಗಲ ಇರುತ್ತೆ?”

“ಸೆಕ್ಷನ್ 52 ಏನಾಯ್ತು ಸಾರ್?”

“ಅಂಟಿಸಿದ್ರೆ ವಾದ ಮಾಡಬಹುದು. ತೂತು ಮಾತ್ರ ಹೊಡೀಬೇಡಿ.”